ಖಾಲಿ ಜಾಗದಲ್ಲಿ ಸೊನ್ನೆ

ಅವರು ತೀರಿಕೊಂಡ ಸುದ್ದಿ ನನಗೆ ಮೂರು ದಿನ ತಡವಾಗಿ ತಿಳಿಯಿತು. ನೀರಿನ ಮಾದರಿ ತರುವ ನಮ್ಮ ವ್ಯಾನಿನ ಡ್ರೈವರ್ ಕ್ಯಾಂಟೀನಿನಲ್ಲಿ ಸಿಕ್ಕವರು, "ಕಂಪ್ಯೂಟರ್ ಸಾಹೇಬ್ರು ಹೋಗ್ಬಿಟ್ರಂತಲ್ಲ ಮೇಡಂ, ನೀವು ಮನೆಗೆ ಹೋಗಿದ್ರಾ?" ಎಂದು ಕೇಳಿದರು. ನಾನು ಹೋಗಿರಲಿಲ್ಲ. ಅವರ ಮನೆಯವರು ನನಗೆ ಹೇಳಿಕಳಿಸಿರಲಿಲ್ಲ. ಹೇಳಿಕಳಿಸದೆ ಇದ್ದದ್ದಕ್ಕೆ ಕಾರಣವಿತ್ತು, ಆ ಕಾರಣವನ್ನು ಒಮ್ಮೆಯಾದರೂ ಪೂರ್ತಿ ಹೇಳಿಬಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಸಂಸ್ಥೆಯ ಹೆಸರೂ ಹೊರಬೀಳುತ್ತದೆ. ನಾನು ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ.

ಸಂಸ್ಥೆ ಇರುವುದು ಹಲಸೂರು ಕೆರೆಯ ಹತ್ತಿರ, ಕಂಟೋನ್ಮೆಂಟ್ ಕಾಲದ ಕಲ್ಲುಕಟ್ಟಡವೊಂದಕ್ಕೆ ಅಂಟಿಸಿ ಕಟ್ಟಿದ ಮೂರಂತಸ್ತಿನಲ್ಲಿ. ನಮ್ಮ ಕೆಲಸ ನೀರಿನದು: ಕೆರೆ, ಬೋರ್‌ವೆಲ್, ರಾಜಕಾಲುವೆ. ಅವರ ಕೋಣೆ ಮೆಟ್ಟಿಲ ಕೆಳಗಿತ್ತು. ಹಿಂದೆ ಅದು ಆಸಿಡ್ ಬಾಟಲಿಗಳನ್ನು ಇಡುವ ಉಗ್ರಾಣವಾಗಿತ್ತಂತೆ. ಕಿಟಕಿ ಇದ್ದ ಜಾಗಕ್ಕೆ ಇಟ್ಟಿಗೆ ತುಂಬಿ ಗಾರೆ ಬಳಿದಿದ್ದರು. ಗಾರೆ ಮಾತ್ರ ಸುತ್ತಲಿನ ಗೋಡೆಯ ಜೊತೆ ಸೇರಿರಲಿಲ್ಲ, ಕಿಟಕಿಯ ಆಕಾರ ಹಾಗೇ ಕಾಣುತ್ತಿತ್ತು. ಒಳಗೆ ಸರ್ವರ್‌ಗಳು, ಅವು ಬಿಸಿಯಾಗದಂತೆ ವರ್ಷವಿಡೀ ಏಸಿ. ಹೊರಗೆ ಏಪ್ರಿಲ್ ಬಿಸಿಲಿರುವಾಗಲೂ ಅವರು ಕಂದು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದರು. ಹೊಸದಾಗಿ ಬಂದ ನಿರ್ದೇಶಕರೊಬ್ಬರು ಮೊದಲ ದಿನ ಬಾಗಿಲು ತೆಗೆದು ನೋಡಿ, "ಜ್ವರಾನಾ?" ಎಂದು ಕೇಳಿದರಂತೆ. "ಇಲ್ಲ ಸರ್, ಡ್ಯೂಟಿ" ಎಂದರಂತೆ ಇವರು.

ಎತ್ತರದ, ಸಪೂರ ಮನುಷ್ಯ. ನಾನು ಕಂಡಾಗ ಅರವತ್ತಕ್ಕೆ ಹತ್ತಿರವಿದ್ದರು. ಮನೆ ಲಿಂಗರಾಜಪುರದಲ್ಲಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಶಿವಾಜಿನಗರಕ್ಕೆ ಹೋಗಿ ಬರುತ್ತಿದ್ದರು, ಬರುವಾಗ ಕ್ಯಾಂಟೀನಿನ ಹೆಂಗಸರಿಗೆಂದು ಪುದೀನ ತರುತ್ತಿದ್ದರು. ಮನೆಯಲ್ಲಿ ಆಡುವ ಮಾತು ದಖನಿ ಉರ್ದು. ಕನ್ನಡವನ್ನು ಅವರು ಕಲಿತದ್ದು ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಜೋಗುಪಾಳ್ಯದಲ್ಲಿ ಹುಟ್ಟಿ ಬೆಳೆದ ನನ್ನ ಕನ್ನಡಕ್ಕಿಂತ ಅವರದು ಶುದ್ಧವಾಗಿತ್ತು. ಎಲ್ಲರಿಗೂ 'ನೀವು'. ಕಸ ಗುಡಿಸುವಾಕೆಗೂ, ನಿರ್ದೇಶಕರಿಗೂ, ಇಪ್ಪತ್ತನಾಲ್ಕು ವರ್ಷದ ನನಗೂ.

ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದ ಎರಡನೇ ತಿಂಗಳು ನಾನು ಮಾಡಿದ ಒಂದು ನಕ್ಷೆಯನ್ನು ಅವರ ಹತ್ತಿರ ತೆಗೆದುಕೊಂಡು ಹೋದೆ. ವರ್ತೂರಿನ ಕಡೆಯ ಬಾವಿಗಳ ಲವಣಾಂಶದ ನಕ್ಷೆ. ಚೆನ್ನಾಗಿ ಬಂದಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಇದು ಯಾವ ಫೈಲಿಂದ ಬಂತಮ್ಮ?"

ನನ್ನ ಲ್ಯಾಪ್‌ಟಾಪಿನಲ್ಲಿ 'ಫೈನಲ್', 'ಫೈನಲ್ ಎರಡು', 'ಹೊಸ ಫೈನಲ್' ಎಂದು ಐದಾರು ಫೈಲುಗಳಿದ್ದವು. ಯಾವುದರಿಂದ ಬಂದದ್ದೆಂದು ನನಗೇ ಹೇಳಲಾಗಲಿಲ್ಲ.

"ನಾಳೆ ನೀವು ಬಸ್ ಇಳಿಯೋವಾಗ ಕಾಲು ಮುರ್ಕೊಂಡ್ರಿ ಅಂತ ಇಟ್ಕೊಳ್ಳಿ. ನಾನು ಕೂತು ಇದೇ ನಕ್ಷೆ ಮಾಡ್ಬೇಕು. ಆಗುತ್ತಾ?"

"ಆಗಲ್ಲ ಸರ್."

"ಹಂಗಾದ್ರೆ ಇದು ವಿಜ್ಞಾನ ಅಲ್ಲ, ನಿಮ್ಮ ಕೈಗುಣ" ಎಂದು ನಕ್ಷೆಯನ್ನು ವಾಪಸು ಕೊಟ್ಟರು. ಅವಮಾನವಾಯಿತು. ಆದರೆ ಅದೇ ಸಂಜೆ ಅವರೇ ನನ್ನ ಮೇಜಿನ ಹತ್ತಿರ ಬಂದು, "ನಾಳೆ ಹತ್ತು ಗಂಟೆಗೆ ಬನ್ನಿ, ಸ್ವೆಟರ್ ತನ್ನಿ" ಎಂದರು.

ಕಾರ್ಖಾನೆಯಲ್ಲಿ ಅವರಿದ್ದದ್ದು ಯೋಜನಾ ವಿಭಾಗದಲ್ಲಿ. ಒಂದೊಂದು ಬಿಡಿಭಾಗದ ಜೊತೆಗೂ ಒಂದು ರೂಟ್ ಕಾರ್ಡ್ ಹೋಗುತ್ತಿತ್ತಂತೆ: ಮೊದಲು ಯಾವ ಯಂತ್ರಕ್ಕೆ, ಅಲ್ಲಿ ಏನಾಗಬೇಕು, ಆಮೇಲೆ ಎಲ್ಲಿಗೆ, ಪ್ರತಿ ಹಂತದಲ್ಲೂ ಯಾರ ಸಹಿ. ಕಾರ್ಖಾನೆ ಕುಗ್ಗಿದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು, ನಲವತ್ತು ದಾಟಿದ ಮೇಲೆ ಪ್ರೋಗ್ರಾಮಿಂಗ್ ಕಲಿತು, ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಮೇಲೆ ಇಲ್ಲಿಗೆ ಬಂದರು. ಬಂದಾಗ ನೀರಿನ ದತ್ತಾಂಶದ ಲೆಕ್ಕವೆಲ್ಲ ಹದಿನಾಲ್ಕು ಸಣ್ಣ ಪ್ರೋಗ್ರಾಂಗಳಲ್ಲಿ ಚದುರಿಹೋಗಿತ್ತು. ಯಾವುದರ ನಂತರ ಯಾವುದನ್ನು ಓಡಿಸಬೇಕು, ಎಲ್ಲಿ ಕೈಯಿಂದ ತಿದ್ದಬೇಕು ಎನ್ನುವುದು ಕೆಲವೇ ವರ್ಷಗಳಲ್ಲಿ ಅವರೊಬ್ಬರ ತಲೆಯಲ್ಲಿ ಮಾತ್ರ ಉಳಿಯಿತು.

ಅಲ್ಲಿಂದ ಅವರು ಸಿಕ್ಕಿಹಾಕಿಕೊಂಡರು. ರಜೆ ಹಾಕಿದರೆ ಫೋನು, ಕಾಯಿಲೆ ಬಿದ್ದರೆ ಫೋನು. ಮಗಳ ಮದುವೆಯ ದಿನ ಶಿವಾಜಿನಗರದ ಛತ್ರದಲ್ಲಿ, ಶೆರ್ವಾನಿ ತೊಟ್ಟು ಬಿರಿಯಾನಿ ಬೇಯುವ ದೊಡ್ಡ ದೇಗದ ಪಕ್ಕ ನಿಂತು, ಯಾವುದೋ ಪ್ರೊಫೆಸರರಿಗೆ "ಏಳನೇದು ನಿಲ್ಸಿ, ಆರನೇದ್ರಿಂದ ಮತ್ತೆ ಶುರು ಮಾಡಿ" ಎಂದು ಅರ್ಧ ಗಂಟೆ ಹೇಳಿದ್ದನ್ನು ನಾನೇ ಕಂಡಿದ್ದೇನೆ. ಅವರ ಹೆಂಡತಿ ಬಂದು ಫೋನು ಕಿತ್ತುಕೊಂಡು, "ನಕ್ಕೋ ಬಸ್", ಬೇಡ, ಸಾಕು, ಎಂದು ತಮ್ಮ ಪರ್ಸಿನೊಳಗೆ ಹಾಕಿಕೊಂಡರು. ಪರ್ಸಿನೊಳಗಿನಿಂದಲೂ ಅದು ರಿಂಗಾಗುತ್ತಲೇ ಇತ್ತು.

ಅದಾದ ಮೇಲೆ ಅವರು ವರ್ಕ್‌ಫ್ಲೋ ಕಟ್ಟುವುದಕ್ಕೆ ಕೂತರು. ಅಂದರೆ, ತಲೆಯಲ್ಲಿದ್ದ ರೂಟ್ ಕಾರ್ಡನ್ನು ಯಂತ್ರಕ್ಕೆ ಬರೆದುಕೊಡುವುದು. ಪ್ರತಿ ಹಂತವೂ ತಾನು ಏನು ತೆಗೆದುಕೊಳ್ಳುತ್ತೇನೆ, ಏನು ಕೊಡುತ್ತೇನೆ ಎಂದು ಹೇಳಬೇಕು. ಒಂದು ಹಂತ ಕೆಟ್ಟರೆ ಅದರ ಮುಂದಿನದು ತಾನಾಗಿ ನಿಲ್ಲಬೇಕು. ಒಂದು ಹಂತ ಬದಲಾದರೆ ಅಲ್ಲಿಂದ ಮುಂದಿನದಷ್ಟೇ ಮತ್ತೆ ಓಡಬೇಕು, ಮೊದಲಿನದೆಲ್ಲ ಅಲ್ಲ. ಯಾರು, ಯಾವಾಗ, ಯಾಕೆ ಬದಲಾಯಿಸಿದರು ಎಂಬುದು ದಾಖಲಾಗಬೇಕು. ಇದಕ್ಕೆ ಸಿದ್ಧ ವ್ಯವಸ್ಥೆಗಳಿವೆ, ಆದರೆ ಹದಿನಾಲ್ಕು ಪ್ರೋಗ್ರಾಂಗಳನ್ನು ಅದರೊಳಗೆ ಕೂರಿಸಲು ಎರಡು ವರ್ಷ ಹಿಡಿಯಿತು. ಯೋಜನೆಯ ಮುಖ್ಯಸ್ಥರಿಗೆ ಇದು ವ್ಯರ್ಥವೆನಿಸುತ್ತಿತ್ತು.

"ಈಗ ನಡೀತಿದೆಯಲ್ರೀ, ಇದೆಲ್ಲ ಯಾಕೆ?"

"ನಡೀತಿರೋದು ನಾನು ಸರ್. ಅದಲ್ಲ."

ಆ ಎರಡು ವರ್ಷ ನಾನು ಅವರ ಪಕ್ಕ ಕೂತು ಕಲಿತೆ. ಊಟ ಮಾತ್ರ ಕೋಣೆಯೊಳಗೆ ತರುವಂತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಇಪ್ಪತ್ತು ನಿಮಿಷವಿದೆ ಎನ್ನುವಾಗ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ನನಗೆಂದು ಅವರ ಮನೆಯಿಂದ ಬೇರೆ ಸಣ್ಣ ಡಬ್ಬಿಯಲ್ಲಿ ಹುಣಸೆಹುಳಿಯ ಖಟ್ಟಾ ಬೇಳೆ ಬರುತ್ತಿತ್ತು. ಪ್ರತಿ ಹಂತ ಮುಗಿದಾಗಲೂ ಪರದೆಯ ಮೇಲೆ ಹಸಿರು ಗುರುತು ಬರುವ ತನಕ ಅವರು ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು, ಶಾಲೆಯ ಹುಡುಗನ ಹಾಗೆ. ಒಮ್ಮೆ ಕೇಳಿದೆ: "ಇಷ್ಟೆಲ್ಲ ಮಾಡಿ ನಿಮಗೇನು ಸಿಗುತ್ತೆ ಸರ್?"

"ರಜೆ" ಎಂದರು.

ನಿಜವಾಗಿಯೂ ಅವರಿಗೆ ಬೇಕಿದ್ದದ್ದು ಅಷ್ಟೇ. ತಾವಿಲ್ಲದೆ ಇದು ನಡೆಯಬೇಕು. ತಾವು ಆ ಕೋಣೆಯಿಂದ ಹೊರಗೆ ಬರಬೇಕು. ಕೊನೆಗೆ ವ್ಯವಸ್ಥೆ ನಿಂತಿತು. ಹಂತಗಳನ್ನು ಬದಲಾಯಿಸುವ ಅನುಮತಿಯನ್ನು ಇಬ್ಬರಿಗೆ ಮಾತ್ರ ಇಟ್ಟರು, ತಮಗೆ ಮತ್ತು ನನಗೆ. ಆ ಮಳೆಗಾಲದಲ್ಲಿ ಹೆಂಡತಿಯನ್ನು ಕರೆದುಕೊಂಡು ಉಮ್ರಾ ಯಾತ್ರೆಗೆ ಮೆಕ್ಕಾಗೆ ಹೊರಟರು. ಹದಿನೈದು ದಿನ. ಹೊರಡುವ ದಿನ ಸ್ವೆಟರನ್ನು ಮಡಿಸಿ ಕುರ್ಚಿಯ ಮೇಲಿಟ್ಟು, "ಇನ್ನು ಇದು ನಿಮ್ಮದು. ಫೋನ್ ಮಾಡ್ಬೇಡಿ" ಎಂದು ನಕ್ಕರು.

ನಾನು ಫೋನ್ ಮಾಡಲಿಲ್ಲ. ಮಾಡಬೇಕಿತ್ತು.

ಆಗ ಮಹದೇವಪುರದ ಸುತ್ತಲಿನ ಬೋರ್‌ವೆಲ್‌ಗಳ ಪರೀಕ್ಷೆ ನಡೆಯುತ್ತಿತ್ತು. ಅಪಾರ್ಟ್‌ಮೆಂಟುಗಳ ಬೋರ್‌ವೆಲ್, ಹಳೆಯ ಊರಿನವು, ಕಟ್ಟಡ ಕಾರ್ಮಿಕರ ಶೆಡ್ಡುಗಳ ನಡುವಿನವು. ನೀರಿನಲ್ಲಿ ವಿಷದ ಲೋಹ ಎಷ್ಟಿದೆ ಎಂದು ಅಳೆದು, ಕುಡಿಯಬಹುದಾದದ್ದಕ್ಕೆ ಹಸಿರು, ಕುಡಿಯಬಾರದ್ದಕ್ಕೆ ಕೆಂಪು ಗುರುತು ಹಾಕಿದ ಪಟ್ಟಿಯನ್ನು ನಾವು ವಾರ್ಡ್ ಕಚೇರಿಗೆ ಕೊಡಬೇಕಿತ್ತು. ನನ್ನ ಪಿಎಚ್‌ಡಿ ಕೂಡ ಇದೇ. ಪರಿಶೀಲನಾ ಸಮಿತಿಯ ಸಭೆಗೆ ಎರಡು ದಿನವಿರುವಾಗ ವರ್ಕ್‌ಫ್ಲೋ ನಿಂತಿತು. ಪರದೆಯ ಮೇಲೆ ಕೆಂಪು ಸಾಲು: ಕೆಲವು ಬಾವಿಗಳ ಎದುರು ಅಂಕಿಯೇ ಇಲ್ಲ, ಖಾಲಿ, ಹಾಗಾಗಿ ಮುಂದೆ ಹೋಗುವುದಿಲ್ಲ. ಅವರು ಅದನ್ನು ಹಾಗೆಯೇ ಕಟ್ಟಿದ್ದರು. ಗೊತ್ತಿಲ್ಲದ್ದು ಬಂದರೆ ನಿಲ್ಲಬೇಕು.

ಮುಖ್ಯಸ್ಥರು ಎರಡು ಸಲ ಬಂದು "ಪಟ್ಟಿ ಎಲ್ಲಮ್ಮ?" ಎಂದು ಕೇಳಿ ಹೋದರು. ಲೋಹ ತೀರ ಕಡಿಮೆ ಇದ್ದಾಗ ಪ್ರಯೋಗಾಲಯದವರು ಕೆಲವೊಮ್ಮೆ ಖಾಲಿ ಬಿಡುವುದುಂಟು. ಇದೂ ಅದೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಡ್ರೈವರನ್ನೋ ಪ್ರಯೋಗಾಲಯದವರನ್ನೋ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಿದರೆ ಬೇರೆ ಉತ್ತರ ಬರಬಹುದೆಂಬ ಅಳುಕು ಇತ್ತೆಂದೇ ಕೇಳಲಿಲ್ಲವೇನೋ. ಖಾಲಿ ಕಂಡಲ್ಲಿ ಸೊನ್ನೆ ತುಂಬು ಎಂದು ಒಂದು ಸಾಲು ಬರೆದೆ. ಕಾರಣವೇನೆಂದು ವ್ಯವಸ್ಥೆ ಕೇಳಿತು. 'ತಾತ್ಕಾಲಿಕ' ಎಂದು ಹಾಕಿದೆ. ಹಂತಗಳೆಲ್ಲ ಒಂದೊಂದಾಗಿ ಹಸಿರಾದವು. ಪಟ್ಟಿ ಸಮಿತಿಗೂ ಹೋಯಿತು, ವಾರ್ಡ್ ಕಚೇರಿಗೂ ಹೋಯಿತು. ಎಲ್ಲರೂ ಮೆಚ್ಚಿದರು. ಆ ಸಾಲನ್ನು ನಾನು ಮರೆತೆ.

ಅವರು ಖರ್ಜೂರದ ಪೊಟ್ಟಣಗಳೊಂದಿಗೆ ಹಿಂತಿರುಗಿದರು. ಮುಖಕ್ಕೆ ಬಿಸಿಲು ತಗುಲಿ ಹತ್ತು ವರ್ಷ ಕಡಿಮೆಯಾದವರಂತೆ ಕಾಣುತ್ತಿದ್ದರು. ಎಲ್ಲರಿಗೂ ಖರ್ಜೂರ ಹಂಚಿ, ಡ್ರೈವರ್ ಹತ್ತಿರ ನಿಂತು ಮಾತಾಡಿ, ಕೋಣೆಗೆ ಹೋದರು. ಒಂದು ಗಂಟೆಯಾದ ಮೇಲೆ ನನ್ನನ್ನು ಕರೆಸಿದರು. ನಾನು ಹೋಗುವಷ್ಟರಲ್ಲಿ ಪಟ್ಟಿ ಅವರ ಮುಂದಿತ್ತು.

"ಮಳೆ ಬಂದು ರಿಂಗ್ ರೋಡಲ್ಲಿ ನಮ್ಮ ವ್ಯಾನ್ ನೀರಲ್ಲಿ ನಿಂತ್ಬಿಟ್ಟಿತ್ತಂತೆ. ಐಸ್ ಪೆಟ್ಟಿಗೆ ಒಳಗೆ ನೀರು ನುಗ್ಗಿ ಬಾಟ್ಲು ಎಲ್ಲ ಹಾಳಾದ್ವಂತೆ. ಆ ಬಾಟ್ಲುಗಳ ಬಾವಿಗಳು ಇಲ್ಲಿ ಹಸಿರಾಗಿವೆ." ಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು: "ಪರೀಕ್ಷೆನೇ ಮಾಡ್ದೆ ಹಸಿರು ಹೇಗೆ ಬಂತಮ್ಮ?"

ಅವರು ಆಗಲೇ ದಾಖಲೆ ನೋಡಿದ್ದರು. ಪರದೆಯ ಮೇಲೆ ನನ್ನ ಹೆಸರು, ದಿನ, ಸಮಯ, 'ತಾತ್ಕಾಲಿಕ'. ಆದರೂ ನನ್ನ ಬಾಯಿಂದ ಬರಲಿ ಎಂದು ಕೇಳುತ್ತಿದ್ದರು. ಹೇಳಿದೆ. ಹೇಳಿ ಮುಗಿಸಿದ ಮೇಲೆ ಕೇಳಬಾರದ್ದನ್ನು ಕೇಳಿದೆ:

"ಸರ್, ಆ ಸಾಲು ತೆಗೆದು, ದಾಖಲೆಯಲ್ಲೂ ಅಳಿಸ್ಬಿಡಿ. ನಿಮಗೆ ಆಗುತ್ತೆ. ನನ್ನ ಪಿಎಚ್‌ಡಿ ಹೋಗುತ್ತೆ ಸರ್. ಮನೇಲಿ ಏನಂತ ಹೇಳ್ಲಿ?"

ಅವರು ಪಟ್ಟಿಯನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ಬಾಗಿಲಿಗಿದ್ದ ಸ್ಪ್ರಿಂಗು ಅದನ್ನು ಸದಾ ಮುಚ್ಚಿಯೇ ಇಡುತ್ತಿತ್ತು. ಆ ದಿನ ಅಲ್ಲಿ ಉಸಿರಾಡಲು ಗಾಳಿಯೇ ಇಲ್ಲವೆನಿಸಿತು.

"ಸರಿ ಮಾಡೋದು ಈಗ್ಲೇ ಮಾಡೋಣ. ಅಳಿಸೋದು ಆಗಲ್ಲ. ಇದೊಂದು ಅಳಿಸಿದ್ರೆ ಉಳಿದಿದ್ದು ಯಾವುದನ್ನೂ ನಂಬೋ ಹಾಗಿಲ್ಲ. ಹತ್ತಾರು ಜನರ ಲೆಕ್ಕ ಇದೆ ಇದ್ರಲ್ಲಿ." ಆಮೇಲೆ, ಸ್ವಲ್ಪ ಮೆತ್ತಗೆ: "ನಾನು ಯಾರ ಹತ್ರಾನೂ ನಿಮ್ಮ ಹೆಸರು ಹೇಳಲ್ಲ. ಅದನ್ನ ನೀವೇ ಹೇಳ್ಬೇಕು."

ಸಾಲನ್ನು ಸರಿಪಡಿಸಿ ಮತ್ತೆ ಓಡಿಸಿದೆವು. ಅಲ್ಲಿಂದ ಮುಂದಿನ ಹಂತಗಳಷ್ಟೇ ಓಡಿದವು, ಮುಕ್ಕಾಲು ಗಂಟೆ ಸಾಕಾಯಿತು. ಆ ಬಾವಿಗಳ ಎದುರು ಈಗ 'ಪರೀಕ್ಷೆಯಾಗಿಲ್ಲ' ಎಂದು ಬಂತು. ಪಟ್ಟಿ ಹಿಡಿದು ಮುಖ್ಯಸ್ಥರ ಹತ್ತಿರ ಹೋದೆವು. ತಪ್ಪು ಯಾರದೆಂದು ಮುಖ್ಯಸ್ಥರು ಕೇಳಲಿಲ್ಲ. ನಾನೂ ಹೇಳಲಿಲ್ಲ.

"ಸಮಿತಿಯವರು ಈಗಷ್ಟೇ ಹೊಗಳಿ ಹೋಗಿದ್ದಾರೆ. ಸದ್ದಿಲ್ದೆ ಮತ್ತೆ ಮಾದರಿ ತರ್ಸೋಣ. ಎರಡು ಮೂರು ವಾರದಲ್ಲಿ ಹೊಸ ಪಟ್ಟಿ ಕೊಟ್ರಾಯ್ತು" ಎಂದರು ಮುಖ್ಯಸ್ಥರು.

"ಅಲ್ಲೀವರ್ಗೂ ಜನ ಕುಡೀತಾರೆ ಸರ್."

"ಮುಂಚೆನೂ ಕುಡೀತಿದ್ರಲ್ರೀ."

ಇವರು ಪಟ್ಟಿಯನ್ನು ವಾಪಸು ತೆಗೆದುಕೊಂಡರು. ಮರುದಿನ ಬೆಳಿಗ್ಗೆ ರಜೆ ಚೀಟಿ ಬರೆದಿಟ್ಟು, ಪಟ್ಟಿಯ ಪ್ರತಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದರು. ನಾನೂ ಹೋದೆ. ಹೋಗದೆ ಇರಲು ನಾಚಿಕೆಯಾಯಿತು. ವಾರ್ಡ್ ಕಚೇರಿಯಲ್ಲಿ ಹಳೆಯ ಪಟ್ಟಿಯನ್ನು ಗೋಡೆಯಿಂದ ತಾವೇ ಕಿತ್ತು ಹೊಸದನ್ನು ಅಂಟಿಸಿ, ಗುಮಾಸ್ತರಿಂದ ಸ್ವೀಕೃತಿ ಸಹಿ ಪಡೆದರು. ಅಲ್ಲಿಂದ ನಡೆದುಕೊಂಡು ಶೆಡ್ಡುಗಳಿಗೆ. ವಾರ್ಡಿನವರು ಆಗಲೇ ಹಸಿರು ಬಣ್ಣ ಬಳಿದಿದ್ದ ಬೋರ್‌ವೆಲ್ ಪಕ್ಕ ಒಬ್ಬಾಕೆ ಬಿಂದಿಗೆ ತುಂಬಿಸುತ್ತಿದ್ದಳು, ರಾಯಚೂರಿನ ಕಡೆಯವಳು. ಇವರು ವಿಷಯ ಹೇಳಿದರು. ಆಕೆ ನಲ್ಲಿ ನಿಲ್ಲಿಸಿ ಕೇಳಿದಳು:

"ಅಂದ್ರ, ಹಸಿರು ಹಚ್ಚಿದ್ದು ಸುಳ್ಳೇನ್ರಿ?"

"ಸುಳ್ಳಲ್ಲಮ್ಮ. ತಪ್ಪು. ನಮ್ಮ ತಪ್ಪು."

"ಮತ್ತ ಈಗ ಎಲ್ಲಿಂದ ತರೂಣು?"

ಆಕೆ ತುಂಬಿದ ಬಿಂದಿಗೆಯನ್ನು ಒಂದು ಕ್ಷಣ ನೋಡಿ, ಚೆಲ್ಲಲಿಲ್ಲ, ಎತ್ತಿಕೊಂಡು ಹೋದಳು. ಅವರು ಅಂದೇ ಮತ್ತೆ ವಾರ್ಡ್ ಕಚೇರಿಗೆ ನಡೆದು ಹೋಗಿ, ಟ್ಯಾಂಕರ್ ಕಳಿಸುತ್ತೇವೆಂದು ಬರೆಸಿಕೊಳ್ಳುವ ತನಕ ಬೆಂಚಿನಿಂದ ಏಳಲಿಲ್ಲ. ಟ್ಯಾಂಕರ್ ಎರಡು ದಿನದ ಮೇಲೆ ಬಂತು. ಆಮೇಲೆ ಮರುಪರೀಕ್ಷೆಯಾದಾಗ ಹೆಚ್ಚಿನ ಬಾವಿಗಳ ನೀರು ಸರಿಯಾಗಿಯೇ ಇತ್ತು. ಎರಡರದ್ದು ಇರಲಿಲ್ಲ. ಅವುಗಳಲ್ಲಿ ಶೆಡ್ಡಿನದು ಒಂದು.

ವಾರ್ಡ್ ಕಚೇರಿಯಿಂದ ನಿರ್ದೇಶಕರಿಗೆ ಪತ್ರ ಬಂತು. ವಿಚಾರಣೆಗೆಂದು ಸಭೆ ಕರೆದರು. ನಿರ್ದೇಶಕರು, ಮುಖ್ಯಸ್ಥರು, ಹೊರಗಿನ ಇಬ್ಬರು ಪ್ರೊಫೆಸರರು, ಅವರು, ನಾನು. ಹಿಂದಿನ ಸಂಜೆ ಮೆಟ್ಟಿಲ ಹತ್ತಿರ ಅವರು ನನ್ನನ್ನು ಕೇಳಿದ್ದರು: "ನಾಳೆ ಮಾತಾಡ್ತೀರಲ್ಲ?" "ಮಾತಾಡ್ತೀನಿ ಸರ್" ಎಂದಿದ್ದೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು 'ಆ ಸಾಲು ಬರೆದದ್ದು ನಾನು' ಎಂಬ ವಾಕ್ಯವನ್ನು ಹೇಳಿಯೂ ನೋಡಿಕೊಂಡಿದ್ದೆ.

ಸಭೆಯಲ್ಲಿ ಮುಖ್ಯಸ್ಥರು, "ಕಂಪ್ಯೂಟರ್ ವ್ಯವಸ್ಥೆಯಲ್ಲಿ ಆದ ದೋಷ" ಎಂದು ಶುರುಮಾಡಿದರು. ಪ್ರೊಫೆಸರರೊಬ್ಬರು ಇವರ ಕಡೆ ತಿರುಗಿದರು.

"ದೋಷ ನಿಮ್ಮ ಸಿಸ್ಟಮ್ ಒಳಗೇ ಇತ್ತಾ?"

"ಹೌದು, ಅಲ್ಲೇ ಇತ್ತು."

"ಅದನ್ನ ಹಾಕಿದ್ದು ಯಾರು?"

"ದಾಖಲೇಲಿದೆ ಸರ್. ತೆಗೆದು ನೋಡ್ಬಹುದು."

ಯಾರೂ ತೆಗೆಯಲಿಲ್ಲ. ಲ್ಯಾಪ್‌ಟಾಪ್ ಮೇಜಿನ ಮಧ್ಯೆ ತೆರೆದೇ ಇತ್ತು. ಬೆರಳು ಒತ್ತಿದ್ದರೆ ಸಾಕಿತ್ತು. ಅವರು ನನ್ನ ಕಡೆ ನೋಡಲಿಲ್ಲ; ನೋಡಿದರೆ ನನ್ನನ್ನು ತೋರಿಸಿಕೊಟ್ಟಂತೆ ಆಗುತ್ತದೆಂದು ಎದುರಿನ ಗೋಡೆಯನ್ನೇ ನೋಡುತ್ತ ಕಾದರು. ಅವರು ನನಗಾಗಿ ಕಾಯುತ್ತಿದ್ದಾರೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ನಿರ್ದೇಶಕರು ಕಾಗದಗಳನ್ನು ಜೋಡಿಸಿಕೊಂಡರು. ಚಹಾ ಬಂತು. ಸಭೆ ಮುಗಿಯಿತು.

ಆ ವರ್ಷ ಅವರ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ವಯಸ್ಸಾಯಿತೆಂದು ಕಾರಣ ಕೊಟ್ಟರು. ಯಾರಿಗೂ ಕಷ್ಟವಾಗಲಿಲ್ಲ, ಯಾಕೆಂದರೆ ಅವರಿಲ್ಲದೆ ನಡೆಯುವಂತೆ ಅವರೇ ಎಲ್ಲವನ್ನೂ ಕಟ್ಟಿಟ್ಟಿದ್ದರು. ಅವರು ಹೋದ ಮರುದಿನ ವರ್ಕ್‌ಫ್ಲೋ ಹತ್ತು ಗಂಟೆಗೆ ಓಡಿತು, ಹನ್ನೊಂದಕ್ಕೆ ಮುಗಿಯಿತು. ಕೊನೆಯ ದಿನ ಅವರು ನನಗೆ ಕೀಲಿ ಕೊಟ್ಟು, ಏಸಿಯ ನೀರು ಎಲ್ಲಿ ಸೋರುತ್ತದೆಂದು ತೋರಿಸಿ, ಬಕೆಟ್ ಎಲ್ಲಿಡಬೇಕೆಂದು ಹೇಳಿದರು. ಸಭೆಯ ಮಾತನ್ನು ಎತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ, ಅದರಿಂದ ನನಗೆ ಹಗುರವಾಗುತ್ತಿತ್ತು. ಆ ಹಗುರ ನನಗೆ ಸಿಗಲಿಲ್ಲ.

ಡಿಗ್ರಿ ಬಂತು. ಕೆಲಸ ಅಲ್ಲೇ ಸಿಕ್ಕಿತು, ಅದೇ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಬೇರೆ ಕಡೆ ಎರಡು ಸಲ ಅವಕಾಶ ಬಂದರೂ ಹೋಗಲಿಲ್ಲ. ಹೋದರೆ ನನ್ನ ಜಾಗಕ್ಕೆ ಬರುವವರು ದಾಖಲೆ ತೆರೆದು ನೋಡುತ್ತಾರೆ. ಅದನ್ನು ಅಳಿಸಲು ಈಗ ನನಗೆ ಅಧಿಕಾರವಿದೆ. ಅಳಿಸಿಲ್ಲ. ಹೇಳಿಯೂ ಇಲ್ಲ. ಹಾಗೇ ಆರು ವರ್ಷ ಕಳೆದವು.

ಒಮ್ಮೆ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಅವರನ್ನು ಕಂಡೆ. ಸೊಪ್ಪಿನವಳ ಮುಂದೆ ಬಗ್ಗಿ ಕೊತ್ತಂಬರಿ ಕಟ್ಟು ಮೂಸಿ ನೋಡುತ್ತಿದ್ದರು. ಬಿಳಿ ಗಡ್ಡ ಬಿಟ್ಟಿದ್ದರು. ಐದು ಹೆಜ್ಜೆ ದೂರ. "ಸರ್" ಎನ್ನಬಹುದಿತ್ತು. ನಾನು ಪಕ್ಕದ ಹೂವಿನ ಸಾಲಿಗೆ ತಿರುಗಿ, ಬೇಡದ ಸೇವಂತಿಗೆ ಕೊಂಡು, ಅವರು ಹೋಗುವ ತನಕ ಅಲ್ಲೇ ನಿಂತೆ. ಅವರು ನೋಡಿದರೋ ಇಲ್ಲವೋ ತಿಳಿಯದು.

ಡ್ರೈವರ್ ಹೇಳಿದ ಮರುದಿನ ಲಿಂಗರಾಜಪುರದ ಮನೆಗೆ ಹೋದೆ. ಹಾಲ್‌ನಲ್ಲಿ ಹೆಂಗಸರು ಚಾಪೆಯ ಮೇಲೆ ಕೂತು ಕುರಾನ್ ಓದುತ್ತಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮಗಳು ನನ್ನನ್ನು ಒಳಗಿನ ಕೋಣೆಗೆ ಕರೆದಳು. ಶಾಲೆಯಲ್ಲಿ ಗಣಿತ ಪಾಠ ಮಾಡುವವಳು, ನನಗಿಂತ ಒಂದೆರಡು ವರ್ಷ ದೊಡ್ಡವಳು. ಬಾಗಿಲು ಹಾಕಿದ ಕೂಡಲೇ ನಾನು ಎಲ್ಲವನ್ನೂ ಹೇಳಿದೆ. ಖಾಲಿ ಜಾಗ, ಸೊನ್ನೆ, ಸಭೆ, ಮೌನ. ಇಷ್ಟು ವರ್ಷ ಹೇಳಲಾಗದ್ದು ಹತ್ತು ನಿಮಿಷವೂ ಹಿಡಿಯಲಿಲ್ಲ.

ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ನಂಗೆ ಗೊತ್ತು. ಅಬ್ಬಾ ಹೇಳಿದ್ರು."

"ನನ್ನ ಮೇಲೆ ಕೋಪ ಇತ್ತಾ ಅವರಿಗೆ?"

ಅವಳು ಯೋಚಿಸಿದಳು. ಸಮಾಧಾನ ಹೇಳಲು ಮಾತು ಹುಡುಕುತ್ತಿದ್ದಾಳೆ ಎಂದುಕೊಂಡೆ. ಹಾಗಿರಲಿಲ್ಲ, ಸರಿಯಾದುದನ್ನು ಹೇಳಬೇಕೆಂದು ನೆನಪು ಮಾಡಿಕೊಳ್ಳುತ್ತಿದ್ದಳು.

"ಕೋಪ ಇರ್ಲಿಲ್ಲ. ಮೊದಲು ಒಂದೆರಡು ವರ್ಷ, ನೀವು ಬರ್ತೀರ ಅಂತ ಕಾಯ್ತಿದ್ರು. ಭಾನುವಾರ ಬೆಲ್ ಆದ್ರೆ ಅವರೇ ಎದ್ದು ಹೋಗ್ತಿದ್ರು. ಆಮೇಲೆ ಕಾಯೋದು ಬಿಟ್ರು."

ಹಾಲ್‌ನಲ್ಲಿ ಓದುವ ದನಿ ಒಂದೇ ಸಮನೆ ಕೇಳುತ್ತಿತ್ತು. ಅವಳು ನನಗೆ ನೀರು ತರುತ್ತೇನೆಂದು ಎದ್ದು ಹೋದಳು. ನಾನು ಅಲ್ಲಿದ್ದ ಮಂಚದ ತುದಿಯಲ್ಲಿ ಕೂತೇ ಇದ್ದೆ. ಇನ್ನು ನನ್ನ ಹತ್ತಿರ ಹೇಳುವುದೇನೂ ಉಳಿದಿರಲಿಲ್ಲ. ಎದ್ದು ಹೋಗಲು ಮಾತ್ರ ಆಗಲಿಲ್ಲ.